ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್ ಅವರ ಬದುಕು

ನಮ್ಮ ಶಾಲೆಗೆ ಜಾಗ ಕೊಟ್ಟ ಹಿರಿಯರನ್ನು, ಇಲ್ಲಿ ಪಾಠ ಹೇಳಿದ ಗುರುಗಳನ್ನು, ಇಲ್ಲಿಂದ ಹೊರಟು ಹೆಸರು ಗಳಿಸಿದ ವಿದ್ಯಾರ್ಥಿಗಳನ್ನು ಈ ಶತಮಾನೋತ್ಸವ ಸಂಚಿಕೆಯ ಬೇರೆ ಲೇಖನಗಳು ಸ್ಮರಿಸಿವೆ. ಈ ಪುಟಗಳಲ್ಲಿ ನಾವು ನೆನೆಯಹೊರಟಿರುವವರು ಈ ಸೀಮೆಯವರಲ್ಲ, ನಮ್ಮ ಭಾಷೆಯವರೂ ಅಲ್ಲ. ಆದರೂ ತಾಳವಾಡಿ ಬೆಟ್ಟಸೀಮೆಯ ಪ್ರತಿಯೊಂದು ಊರಿನಲ್ಲಿ, ಹಾಡಿಯಲ್ಲಿ ತಾಯಂದಿರು ದಿನವೂ ಆಡುವ ಒಂದು ಮಾತಿನ ಹಿಂದೆ ಅವರ ಇಡೀ ಜೀವಮಾನದ ದುಡಿಮೆ ಇದೆ. ಆ ಮಾತು ಅಂಗನವಾಡಿ. ಆ ಕಲ್ಪನೆಯನ್ನು ಈ ದೇಶಕ್ಕೆ ಕೊಟ್ಟವರು ತಾರಾಬಾಯಿ ಮೋಡಕ್. ಎಳೆಯ ಮಕ್ಕಳನ್ನು ಒಟ್ಟುಗೂಡಿಸಿ ಕಲಿಸುವುದಕ್ಕೆ ಮುಂಚಿತವಾಗಿ ಯೋಚಿಸಬೇಕು, ನಡೆದದ್ದನ್ನು ಬರೆದಿಡಬೇಕು, ಬರೆದದ್ದನ್ನು ಓದಿ ನಾಳೆಯ ಕೆಲಸವನ್ನು ತಿದ್ದಿಕೊಳ್ಳಬೇಕು ಎಂಬ ಶಿಸ್ತನ್ನು ನಮ್ಮ ಶಿಶುವರ್ಗ ಇಂದು ಪಾಲಿಸುತ್ತಿದೆ. ಆ ಶಿಸ್ತಿನ ಮೂಲವನ್ನು ಅರಸಿ ಹೋದರೆ ನಾವು ತಲುಪುವುದು ಅವರ ಬಾಗಿಲಿಗೇ.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಹುಟ್ಟಿದರು. ತಂದೆ ಸದಾಶಿವರಾವ್ ಕೇಳಕರ್, ತಾಯಿ ಉಮಾಬಾಯಿ. ಮನೆತನವು ಪ್ರಾರ್ಥನಾ ಸಮಾಜದ ಸುಧಾರಣಾ ವಿಚಾರಗಳನ್ನು ಒಪ್ಪಿಕೊಂಡಿತ್ತು. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆಗೆ ಕೇಡು ಎಂದು ನಂಬಿದವರು ಇನ್ನೂ ಬಹಳವಾಗಿದ್ದ ಕಾಲವದು. ಅಂಥ ಕಾಲದಲ್ಲಿ ಈ ಮನೆಯ ಮಗಳು ಕಾಲೇಜಿನ ಮೆಟ್ಟಿಲು ಹತ್ತಿದರು. 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆದರು. ಬಳಿಕ ವಿವಾಹವಾಯಿತು. ಪತಿ ಅಮರಾವತಿಯಲ್ಲಿ ವಕೀಲರು. 1920ರಲ್ಲಿ ಪ್ರಭಾ ಎಂಬ ಮಗಳು ಜನಿಸಿದಳು. ದಾಂಪತ್ಯ ಮಾತ್ರ ಬಹುಕಾಲ ಉಳಿಯಲಿಲ್ಲ. ಮಗು ಇನ್ನೂ ಕೈಗೂಸಾಗಿರುವಾಗಲೇ ತಾರಾಬಾಯಿಯವರು ಪತಿಯಿಂದ ಬೇರೆಯಾಗಿ, ತಮ್ಮ ಬಾಳನ್ನು ತಾವೇ ಕಟ್ಟಿಕೊಳ್ಳುವ ಹೊಣೆ ಹೊತ್ತರು. ಇಂದಿಗೂ ಸುಲಭವಲ್ಲದ ಈ ನಿರ್ಧಾರವು ನೂರು ವರ್ಷಗಳ ಹಿಂದೆ ಎಷ್ಟು ಕಠಿಣವಾಗಿತ್ತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಜೀವನೋಪಾಯಕ್ಕಾಗಿ ಅವರು ಸೌರಾಷ್ಟ್ರದ ರಾಜಕೋಟೆಗೆ ಹೋದರು. ಅಲ್ಲಿ ಶಿಕ್ಷಕಿಯರನ್ನು ತರಬೇತುಗೊಳಿಸುವ ಬಾರ್ಟನ್ ಕಾಲೇಜಿನ ಮುಖ್ಯಸ್ಥೆಯ ಸ್ಥಾನ ಅವರಿಗೆ ದೊರೆಯಿತು. ಗೌರವದ ಹುದ್ದೆ, ನಿಶ್ಚಿತವಾದ ಸಂಬಳ. ಮಗಳನ್ನು ಕಟ್ಟಿಕೊಂಡು ಒಂಟಿಯಾಗಿ ಬದುಕುತ್ತಿದ್ದ ತಾಯಿಗೆ ಅದಕ್ಕಿಂತ ದೊಡ್ಡ ಆಸರೆ ಬೇಕಿರಲಿಲ್ಲ. ಆದರೆ ಅದೇ ಸೀಮೆಯ ಭಾವನಗರದಲ್ಲಿ ಎಳೆಯ ಮಕ್ಕಳಿಗಾಗಿ ಹೊಸ ಬಗೆಯ ಶಾಲೆಯೊಂದು ನಡೆಯುತ್ತಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. 1923ರಲ್ಲಿ ಅವರು ಆ ಹುದ್ದೆಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ಅವರ ಬದುಕಿನ ದಿಕ್ಕು ತಿರುಗಿದ್ದು ಇಲ್ಲಿ.

ದಕ್ಷಿಣಾಮೂರ್ತಿಯ ಬಾಲಮಂದಿರವನ್ನು ನಡೆಸುತ್ತಿದ್ದವರು ಗಿಜುಭಾಯಿ ಬಧೇಕಾ. 1885ರಲ್ಲಿ ಹುಟ್ಟಿದ ಗಿಜುಭಾಯಿಯವರು ವೃತ್ತಿಯಿಂದ ವಕೀಲರಾಗಿದ್ದರು. ತಮ್ಮ ಮಗನನ್ನು ಹೇಗೆ ಬೆಳೆಸಬೇಕು ಎಂಬ ಚಿಂತೆಯಿಂದ ಅವರು ಮರಿಯಾ ಮಾಂಟೆಸ್ಸರಿಯವರ ಬರಹಗಳನ್ನು ಓದತೊಡಗಿದರು. ಓದು ಅವರನ್ನು ನ್ಯಾಯಾಲಯದಿಂದ ಶಾಲೆಗೆ ಎಳೆತಂದಿತು. 1916ರಲ್ಲಿ ದಕ್ಷಿಣಾಮೂರ್ತಿಗೆ ಬಂದು, 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಕ್ಕಳ ಮೇಲಿನ ಮಮತೆಗಾಗಿ ಜನ ಅವರನ್ನು ಮೀಸೆಯುಳ್ಳ ಅಮ್ಮ ಎಂದು ಅಕ್ಕರೆಯಿಂದ ಕರೆದರು. ಆ ಕಾಲದ ಶಾಲೆಗಳಲ್ಲಿ ಬೆತ್ತವು ಕರಿಹಲಗೆಯಷ್ಟೇ ಸಾಮಾನ್ಯವಾದ ಸಾಮಗ್ರಿ. ಗಿಜುಭಾಯಿಯವರ ಬಾಲಮಂದಿರದಲ್ಲಿ ಬೆತ್ತಕ್ಕೆ ಎಡೆಯಿರಲಿಲ್ಲ, ಬಹುಮಾನದ ಆಮಿಷಕ್ಕೂ ಎಡೆಯಿರಲಿಲ್ಲ.

ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದವರು. ಅವರು ವೈದ್ಯೆ. ವೈದ್ಯರು ರೋಗಿಯನ್ನು ಗಮನಿಸಿ ಬರೆದಿಡುವಂತೆ ಶಿಕ್ಷಕಿಯೂ ಮಗುವನ್ನು ಗಮನಿಸಿ ಬರೆದಿಡಬೇಕು ಎಂಬುದು ಅವರ ಪದ್ಧತಿಯ ತಳಹದಿ. ಆದರೆ ಅವರ ಮಕ್ಕಳ ಮನೆಯಲ್ಲಿ ಪ್ರತಿಯೊಂದು ಮಗುವೂ ತಾನು ಆಯ್ದುಕೊಂಡ ಸಾಮಗ್ರಿಯ ಮುಂದೆ ಬಹುಮಟ್ಟಿಗೆ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಗಿಜುಭಾಯಿ ಮತ್ತು ತಾರಾಬಾಯಿ ಇದನ್ನು ನಮ್ಮ ನಾಡಿನ ಬಾಳಿಗೆ ಹೊಂದಿಸಿಕೊಂಡರು. ಕಥೆ, ಹಾಡು, ಕುಣಿತ, ನಾಟಕ, ಜೇಡಿಮಣ್ಣಿನ ಕೆಲಸ ಇವೆಲ್ಲ ಗುಂಪು ಕೂಡಿದಾಗಲೇ ಅರಳುವಂಥವು. ಇವನ್ನು ಬಾಲಮಂದಿರದ ದಿನಚರಿಯೊಳಗೆ ಸೇರಿಸಿದ್ದು ಅವರ ದೊಡ್ಡ ಕೊಡುಗೆ. ನೂರಾರು ಜನಪದ ಕಥೆಗಳನ್ನು ಗಿಜುಭಾಯಿಯವರು ಮಕ್ಕಳ ಮುಂದೆ ಹೇಳಿದರು, ಬರೆದರು.

ಗುಂಪಿನಲ್ಲಿ ಕಲಿಸುವುದು ಒಬ್ಬೊಬ್ಬರಿಗೆ ಕಲಿಸುವುದಕ್ಕಿಂತ ಸುಲಭವೆಂದು ತಿಳಿದವರಿದ್ದಾರೆ. ಶಿಶುವರ್ಗದಲ್ಲಿ ಒಂದು ಬೆಳಗು ಕಳೆದವರು ಹಾಗೆ ಹೇಳಲಾರರು. ಗಿಜುಭಾಯಿಯವರ ದಿವಾಸ್ವಪ್ನ ಎಂಬ ಪ್ರಸಿದ್ಧ ಗುಜರಾತಿ ಕೃತಿಯನ್ನು ಇಲ್ಲಿ ನೆನೆಯಬಹುದು. ಅದರ ಕಥಾನಾಯಕನಾದ ಶಿಕ್ಷಕನು ಒಂದು ವರ್ಷದ ಪ್ರಯೋಗಕ್ಕೆಂದು ನಾಲ್ಕನೆಯ ತರಗತಿಯನ್ನು ವಹಿಸಿಕೊಳ್ಳುತ್ತಾನೆ. ಮೊದಲ ದಿನ ಮಕ್ಕಳನ್ನು ಮೌನವಾಗಿ ಕೂರಿಸುವ ಆಟವನ್ನು ಯೋಜಿಸಿಕೊಂಡು ಬರುತ್ತಾನೆ. ಕಿಟಕಿ ಬಾಗಿಲು ಮುಚ್ಚಿಸುತ್ತಾನೆ. ಮಕ್ಕಳು ನಗುತ್ತಾರೆ, ಅಣಕಿಸುತ್ತಾರೆ, ಗದ್ದಲವೆಬ್ಬಿಸುತ್ತಾರೆ. ಯೋಜನೆ ನೆಲಕಚ್ಚುತ್ತದೆ. ಮರುದಿನ ಅವನು ಕಥೆಯೊಂದಿಗೆ ಬರುತ್ತಾನೆ. ಅದೇ ಮಕ್ಕಳು ಸುತ್ತ ಕುಳಿತು ಕೇಳುತ್ತಾರೆ. ಕಾಗದದ ಮೇಲೆ ಚೆಂದವಾಗಿದ್ದ ಯೋಜನೆ ಮಕ್ಕಳ ಮುಂದೆ ಸೋತರೆ ತಿದ್ದಬೇಕಾದದ್ದು ಯೋಜನೆಯನ್ನು ಎಂಬ ಪಾಠ ಅದರಲ್ಲಿದೆ. ಸೋತದ್ದನ್ನೂ ಮುಚ್ಚಿಡದೆ ಬರೆದದ್ದರಿಂದಲೇ ಆ ಪುಸ್ತಕ ಇಂದಿಗೂ ಶಿಕ್ಷಕರ ಕೈಯಲ್ಲಿ ಉಳಿದಿದೆ.

ಭಾವನಗರದಲ್ಲಿ ತಾರಾಬಾಯಿಯವರು ಮಾಡಿದ ಕೆಲಸದಲ್ಲಿ ನಮ್ಮಂಥ ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರ ಮನೆಮಾತು ಮರಾಠಿ. ಅಲ್ಲಿನ ಮಕ್ಕಳ ಮಾತು ಗುಜರಾತಿ. ತಮಗೆ ಬರುವ ಭಾಷೆಯನ್ನು ಮಕ್ಕಳೇ ಕಲಿಯಲಿ ಎಂದು ಅವರು ಕಾಯಲಿಲ್ಲ. ತಾವೇ ಗುಜರಾತಿಯಲ್ಲಿ ಕಲಿಸಿದರು, ಗುಜರಾತಿಯಲ್ಲಿ ಬರೆದರು, ಗಿಜುಭಾಯಿಯವರೊಂದಿಗೆ ಸೇರಿ ಶಿಕ್ಷಣ ಪತ್ರಿಕಾ ಎಂಬ ಗುಜರಾತಿ ನಿಯತಕಾಲಿಕವನ್ನು ಸಂಪಾದಿಸಿದರು. ಮುಂದೆ ಅದರ ಮರಾಠಿ ಆವೃತ್ತಿಯನ್ನೂ ಹೊರತಂದರು. ಮೂರು ನಾಲ್ಕು ವರ್ಷದ ಮಗುವಿಗೆ ಅದರ ಮನೆಯ ಮಾತಿನಲ್ಲಿಯೇ ಜಗತ್ತನ್ನು ತೋರಿಸಬೇಕು ಎಂಬುದನ್ನು ಅವರು ತಾವು ಹೊಸ ಭಾಷೆ ಕಲಿಯುವ ಶ್ರಮದಿಂದಲೇ ಸಾಧಿಸಿ ತೋರಿಸಿದರು.

1926ರಲ್ಲಿ ಇವರಿಬ್ಬರೂ ಮುಂದಾಗಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಒಂದು ಊರಿನ ಒಂದು ಶಾಲೆಯಲ್ಲಿ ಕಂಡುಕೊಂಡದ್ದು ಅಲ್ಲಿಯೇ ಉಳಿಯಬಾರದು, ಬೇರೆ ಶಿಕ್ಷಕರಿಗೂ ತಲುಪಬೇಕು ಎಂಬುದು ಸಂಘದ ಆಶಯ. ತರಗತಿಯಲ್ಲಿ ನಡೆದದ್ದನ್ನು ಬರೆಯುವ ಅಭ್ಯಾಸಕ್ಕೆ ಇದರಿಂದ ಹೊಸ ಅರ್ಥ ಬಂದಿತು. ತನ್ನ ನೆನಪಿಗಾಗಿ ಬರೆದುಕೊಳ್ಳುವ ಟಿಪ್ಪಣಿ ಒಂದು ಬಗೆ. ಕಾಣದ ಊರಿನ ಶಿಕ್ಷಕಿಯೊಬ್ಬರು ಓದಿ ಮಾಡಿನೋಡುವಂತೆ ಬರೆಯುವುದು ಇನ್ನೊಂದು ಬಗೆ. ಅದಕ್ಕೆ ಯಾವ ಸಾಮಗ್ರಿ, ಎಷ್ಟು ಮಕ್ಕಳು, ಎಷ್ಟು ಹೊತ್ತು, ಏನಾಯಿತು ಎಂಬುದನ್ನೆಲ್ಲ ನಿಖರವಾಗಿ ಹೇಳಬೇಕಾಗುತ್ತದೆ. ಶಿಕ್ಷಣ ಪತ್ರಿಕಾ ಇಂಥ ಬರವಣಿಗೆಗೆ ವೇದಿಕೆಯಾಯಿತು.

ಒಂಬತ್ತು ವರ್ಷಗಳ ಭಾವನಗರದ ವಾಸದ ನಂತರ 1932ರ ಸುಮಾರಿಗೆ ತಾರಾಬಾಯಿಯವರು ಮುಂಬಯಿಗೆ ಮರಳಿದರು. 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು. ಶಿಶುಶಿಕ್ಷಕಿಯರ ತರಬೇತಿಯನ್ನೂ ಅಲ್ಲಿ ನಡೆಸಿದರು. ಕೆಲಕಾಲ ಮುಂಬಯಿ ಶಾಸನಸಭೆಯ ಸದಸ್ಯರೂ ಆಗಿದ್ದರು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ತಾಳವಾಡಿಯ ನಾವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯವರಾಗಿದ್ದೆವು. 1939ರ ಜೂನ್ 23ರಂದು ಗಿಜುಭಾಯಿಯವರು ತೀರಿಕೊಂಡರು. ಜೊತೆಯಾಗಿ ಹೊತ್ತ ಭಾರ ಈಗ ಒಬ್ಬರ ಹೆಗಲಿಗೆ ಬಂದಿತು.

ದಾದರಿನ ಶಿಶುವಿಹಾರ ಹೆಸರು ಪಡೆಯಿತು. ವಿದ್ಯಾವಂತ ಪೋಷಕರು ಮಕ್ಕಳನ್ನು ತಂದು ಸೇರಿಸಿದರು. ಇಲ್ಲಿಗೆ ನಿಂತಿದ್ದರೂ ತಾರಾಬಾಯಿಯವರ ಹೆಸರು ಶಿಕ್ಷಣದ ಚರಿತ್ರೆಯಲ್ಲಿ ಉಳಿಯುತ್ತಿತ್ತು. ಆದರೆ ಶಿಶುಶಿಕ್ಷಣವು ನಗರದ ಅನುಕೂಲಸ್ಥರ ಮಕ್ಕಳಿಗೆ ಮೀಸಲಾದ ಸೊಗಸಾಗಿ ಉಳಿಯುತ್ತಿದೆ ಎಂಬ ಕೊರಗು ಅವರನ್ನು ಕಾಡಿತು. ಮಾಂಟೆಸ್ಸರಿ ಸಾಮಗ್ರಿಗಳ ಬೆಲೆಯನ್ನು ಹಳ್ಳಿಯ ಶಾಲೆ ಭರಿಸಲಾರದು. ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಮಂಡಿಸಿದ ನಯೀ ತಾಲೀಮ್ ಯೋಜನೆಯು ಏಳು ವರ್ಷ ತುಂಬಿದ ಮಕ್ಕಳನ್ನು ಕುರಿತದ್ದು. ಏಳು ತುಂಬುವ ಮೊದಲು ಹಳ್ಳಿಯ ಬಡ ಮಗುವಿಗೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ತಾರಾಬಾಯಿಯವರು ಐವತ್ತಮೂರನೆಯ ವಯಸ್ಸಿನಲ್ಲಿ ಮುಂಬಯಿಯನ್ನು ಬಿಟ್ಟು ಹೊರಟರು. ಮುಂಬಯಿಯ ಉತ್ತರಕ್ಕೆ, ಗುಜರಾತಿನ ಗಡಿಯ ಹತ್ತಿರ, ಕಡಲಂಚಿನಲ್ಲಿರುವ ಬೋರ್ಡಿ ಎಂಬ ಊರಿನಲ್ಲಿ 1945ರ ಡಿಸೆಂಬರ್‌ನಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು.

ಅದೇ ವರ್ಷ ಅವರಿಗೆ ಅನುತಾಯಿ ವಾಘ್ ಎಂಬ ಸಹಾಯಕಿ ದೊರೆತರು. 1910ರಲ್ಲಿ ಹುಟ್ಟಿದ ಅನುತಾಯಿಯವರು ಬಾಲ್ಯದಲ್ಲಿಯೇ ವಿಧವೆಯಾದವರು, ಛಲದಿಂದ ಓದಿ ಪುಣೆಯಲ್ಲಿ ಶಿಕ್ಷಕಿಯಾಗಿದ್ದವರು. ಒಬ್ಬರು ಪದವೀಧರೆ, ಹಿರಿಯರು, ಹೆಸರುವಾಸಿ. ಇನ್ನೊಬ್ಬರು ಕಿರಿಯರು, ದುಡಿಮೆಗೆ ಹಿಂಜರಿಯದವರು. ಗುರುಶಿಷ್ಯೆಯರಂತೆಯೂ ತಾಯಿಮಗಳಂತೆಯೂ ಇವರಿಬ್ಬರು ಉಳಿದ ಬದುಕನ್ನು ಒಟ್ಟಿಗೆ ಸವೆಸಿದರು.

ಬೋರ್ಡಿಯಲ್ಲಿ ಬಾಲವಾಡಿ ತೆರೆದಾಗ ಊರಿನ ಅನುಕೂಲವಂತರ ಮಕ್ಕಳು ಬಂದರು. ಯಾರಿಗಾಗಿ ಅವರು ಮುಂಬಯಿ ಬಿಟ್ಟು ಬಂದಿದ್ದರೋ ಆ ಹರಿಜನಕೇರಿಯ ಮಕ್ಕಳು ಬರಲಿಲ್ಲ. ತಾಯಿತಂದೆ ಕೂಲಿಗೆ ಹೋಗುತ್ತಿದ್ದರು. ಮಕ್ಕಳನ್ನು ಮೀಯಿಸಿ, ಬಟ್ಟೆ ತೊಡಿಸಿ, ಕರೆತಂದು ಬಿಡುವವರಿರಲಿಲ್ಲ. ಬಾರದ ಮಕ್ಕಳನ್ನು ದೂರುವುದು, ತಾಯಂದಿರಿಗೆ ಬುದ್ಧಿ ಹೇಳುವುದು ಸುಲಭದ ದಾರಿ. ತಾರಾಬಾಯಿ ಮತ್ತು ಅನುತಾಯಿ ಬೇರೆ ದಾರಿ ಹಿಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಬೇಕು ಎಂದು ಕೇರಿಗೆ ನಡೆದರು. ಗುಡಿಸಲುಗಳ ನಡುವಿನ ಅಂಗಳವನ್ನು ಗುಡಿಸಿದರು. ಮಕ್ಕಳ ಮುಖ ತೊಳೆದರು, ತಲೆ ಬಾಚಿದರು, ಉಗುರು ಕತ್ತರಿಸಿದರು. ಆ ಅಂಗಳದಲ್ಲಿಯೇ ಹಾಡು, ಕಥೆ, ಆಟ, ಎಣಿಕೆ ಶುರುವಾದವು. ಅಂಗಳದ ಬಾಲವಾಡಿ ಅಂಗನವಾಡಿಯಾಯಿತು.

ಅಂಗಳಕ್ಕೆ ಹೊರಟ ಶಿಕ್ಷಕಿಯು ಬೀರುವಿನ ತುಂಬ ಸಾಮಗ್ರಿ ಹೊತ್ತು ಹೋಗಲಾರಳು. ಅಲ್ಲಿ ಸಿಕ್ಕುವುದನ್ನೇ ಸಾಮಗ್ರಿಯಾಗಿ ಮಾಡಿಕೊಳ್ಳಬೇಕಾಯಿತು. ಕಡಲಂಚಿನ ಚಿಪ್ಪು, ಕಲ್ಲಹರಳು, ಎಲೆ, ಬೀಜ, ಕಡ್ಡಿ, ಮಣ್ಣು ಇವುಗಳಿಂದಲೇ ಬಣ್ಣ, ಆಕಾರ, ಗಾತ್ರ, ಸಂಖ್ಯೆಗಳನ್ನು ಕಲಿಸಬಹುದೆಂದು ಅವರು ತೋರಿಸಿದರು. ಖರ್ಚು ಉಳಿಯಿತು, ಅದಕ್ಕಿಂತ ಮುಖ್ಯವಾಗಿ, ಮಗುವಿಗೆ ಮೊದಲೇ ಗುರುತಿದ್ದ ವಸ್ತುವಿನಿಂದ ಕಲಿಕೆ ಮೊದಲಾಯಿತು. ಕೇರಿಯ ಮಗು ಹೊಳೆಯುವ ಪರದೇಶದ ಮರದ ತುಂಡಿನ ಮುಂದೆ ಅಂಜಿ ಕೂರುತ್ತದೆ. ಹುಣಸೆಬೀಜದ ಮುಂದೆ ಅದಕ್ಕೆ ಅಂಜಿಕೆಯಿಲ್ಲ.

1950ರ ದಶಕದ ಉತ್ತರಾರ್ಧದಲ್ಲಿ ಅವರ ಕೆಲಸ ಬೋರ್ಡಿಯಿಂದ ಒಳನಾಡಿನ ಕೋಸಬಾಡ ಗುಡ್ಡಕ್ಕೆ ಸಾಗಿತು. ಅದು ವಾರ್ಲಿ ಬುಡಕಟ್ಟಿನ ಜನರ ಸೀಮೆ. ತಾರಾಬಾಯಿಯವರಿಗೆ ಆಗ ಅರವತ್ತೈದರ ಆಸುಪಾಸು. ಇಲ್ಲಿ ತೊಡಕುಗಳು ಬೇರೆಯಾಗಿದ್ದವು. ಆರೇಳು ವರ್ಷದ ಹುಡುಗಿ ಶಾಲೆಗೆ ಬಾರದಿದ್ದರೆ ಅವಳ ಕಂಕುಳಲ್ಲಿ ಕೂಸೊಂದು ಇರುತ್ತಿತ್ತು. ಎಂಟು ಹತ್ತು ವರ್ಷದ ಹುಡುಗ ದನಗಳ ಹಿಂದೆ ಇರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕಿದರೆ ಇವು ಯಾವುವೂ ಕಾಣುವುದಿಲ್ಲ. ಮಗು ಏಕೆ ಬರಲಿಲ್ಲ ಎಂಬುದನ್ನು ಒಂದೊಂದಾಗಿ ಕೇಳಿ ತಿಳಿದಾಗ ಮಾತ್ರ ಕಾಣುತ್ತದೆ.

ಹೀಗೆ ತಿಳಿದದ್ದರ ಫಲವಾಗಿ ವಿಕಾಸವಾಡಿ ಎಂಬ ಏರ್ಪಾಟು ರೂಪುಗೊಂಡಿತು. ಕೂಸುಗಳಿಗೆ ಶಿಶುಪಾಲನಾ ಕೇಂದ್ರ, ಮೂರರಿಂದ ಆರರವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ, ಮೂರೂ ಒಂದೇ ಆವರಣದಲ್ಲಿ. ಕೂಸನ್ನು ಎತ್ತಿಕೊಂಡು ಬಂದ ಅಕ್ಕ ಅದನ್ನು ಒಂದು ಕಡೆ ಮಲಗಿಸಿ, ತಮ್ಮನನ್ನು ಬಾಲವಾಡಿಗೆ ಬಿಟ್ಟು, ತಾನು ತರಗತಿಯಲ್ಲಿ ಕುಳಿತುಕೊಳ್ಳಬಹುದಾಗಿತ್ತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನ ಶಾಲೆ ಹುಟ್ಟಿತು. ಶಿಕ್ಷಕರು ದನಗಳ ಜೊತೆ ಗೋಮಾಳಕ್ಕೆ ಹೋಗಿ, ಮಕ್ಕಳಿಗೆ ಬಿಡುವಿದ್ದಾಗ ಮರದ ನೆರಳಲ್ಲಿ ಪಾಠ ಹೇಳಿದರು. ಹಗಲೆಲ್ಲ ದುಡಿಯುವವರಿಗೆ ರಾತ್ರಿ ಶಾಲೆ ನಡೆಯಿತು. ಸಮಯ, ಸ್ಥಳ, ಸಾಮಗ್ರಿ ಮೂರನ್ನೂ ಮಗುವಿನ ಬಾಳಿಗೆ ತಕ್ಕಂತೆ ಬದಲಿಸಿದ ಇಂಥ ಯೋಜನೆ ಆಗ ನಮ್ಮ ದೇಶದಲ್ಲಿ ಬಹು ಅಪರೂಪದ್ದು.

ಭಾರತ ಸರ್ಕಾರ 1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1973ರ ಆಗಸ್ಟ್ 31ರಂದು ಅವರು ಇಹಲೋಕವನ್ನು ತ್ಯಜಿಸಿದರು. ಅನುತಾಯಿಯವರು 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಕೋಸಬಾಡದ ಕೆಲಸವನ್ನು ಮುನ್ನಡೆಸಿದರು. ಆ ಗುಡ್ಡದ ಅನುಭವಗಳನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದಿಟ್ಟರು. ತಾರಾಬಾಯಿಯವರು ಅಗಲಿದ ಎರಡು ವರ್ಷಗಳ ನಂತರ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಒಂದು ನಮ್ಮ ನೆರೆಯ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರು ನಿಂತಿತು. ಇಂದು ದೇಶದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹಿಟ್ಟು, ಮೊಟ್ಟೆ, ತೂಕದ ತಕ್ಕಡಿ, ಚುಚ್ಚುಮದ್ದು ಇವುಗಳಿಂದ ಅವನ್ನು ನಾವು ಗುರುತಿಸುತ್ತೇವೆ. ಇವೆಲ್ಲ ಬೇಕಾದವೇ. ಆದರೆ ಅಂಗನವಾಡಿ ಮೊದಲು ಹುಟ್ಟಿದ್ದು ಕಲಿಕೆಗಾಗಿ, ಬಾರದ ಮಗುವನ್ನು ಹುಡುಕಿಕೊಂಡು ಹೊರಟ ಶಾಲೆಯಾಗಿ ಎಂಬುದನ್ನು ನಾವು ಮರೆಯಬಾರದು.

ಈ ಬದುಕನ್ನು ನಮ್ಮ ಶತಮಾನೋತ್ಸವದ ಹೊತ್ತಿನಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕೋಸಬಾಡ ಗುಡ್ಡದ ತೊಡಕುಗಳನ್ನು ಓದುವಾಗ ತಾಳವಾಡಿಯವರಿಗೆ ಅವು ಹೊಸತೆನಿಸುವುದಿಲ್ಲ. ದಿಂಬಂ ಘಾಟಿಯ 27 ತಿರುವುಗಳ ಮೇಲೆ, ಕಾಡು ಸುತ್ತುವರಿದ ಸೀಮೆ ನಮ್ಮದು. ಮುಂಜಾನೆ ದಾರಿಯಲ್ಲಿ ಆನೆಯಿದ್ದರೆ ಮಕ್ಕಳು ಹೊರಡುವಂತಿಲ್ಲ. ನೆಲ್ಲಿಕಾಯಿಯ ಕಾಲ, ಪೊರಕೆಕಡ್ಡಿಯ ಕಾಲ, ಆಲೂಗಡ್ಡೆ ಅಗೆಯುವ ಕಾಲ ಬಂದಾಗ ಹಾಡಿಯ ಮಕ್ಕಳು ಹೆತ್ತವರ ಜೊತೆಗೆ ಹೋಗುತ್ತಾರೆ. ಭಾಷೆಯ ಮಾತೂ ಹಾಗೆಯೇ. ಸೋಲಿಗರ ಮನೆಯ ಮಗು ತನ್ನದೇ ನುಡಿಯೊಂದಿಗೆ ಬರುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಅರ್ಧ ಪರಿಚಿತ. ಒಂದನೆಯ ತರಗತಿಯಿಂದ ರಾಜ್ಯಭಾಷೆಯಾದ ತಮಿಳನ್ನು ಕಲಿಯುತ್ತದೆ, ಜೊತೆಗೆ ಇಂಗ್ಲಿಷು. ಇಷ್ಟು ಹೊರೆಯನ್ನು ಹೊರಬಲ್ಲ ಬೆನ್ನೆಲುಬು ಶಿಶುವರ್ಗದಲ್ಲಿಯೇ ಬೆಳೆಯಬೇಕು. ಮನೆಮಾತಿನಲ್ಲಿ ಧೈರ್ಯವಾಗಿ ಹೇಳಬಲ್ಲ, ಕೇಳಬಲ್ಲ ಮಗುವಿಗೆ ಇನ್ನೆರಡು ಭಾಷೆಗಳು ಭಾರವಾಗುವುದಿಲ್ಲ ಎಂಬುದು ತರಗತಿಯಲ್ಲಿ ನಾವು ಕಂಡುಕೊಂಡ ಸತ್ಯ.

ಇದನ್ನು ಮನಗಂಡು ನಮ್ಮ ಶಿಶುವರ್ಗದ ಶಿಕ್ಷಕಿಯರು ಸರಳವಾದ ಕ್ರಮವೊಂದನ್ನು ಪಾಲಿಸುತ್ತಿದ್ದಾರೆ. ವಾರದ ಮೊದಲ ದಿನ ಅಗಲವಾದ ನೋಟ್‌ಬುಕ್ಕಿನ ಎಡಪುಟದಲ್ಲಿ ಆ ವಾರದ ಗುಂಪು ಚಟುವಟಿಕೆಗಳನ್ನು ಬರೆಯುತ್ತಾರೆ. ಒಂದು ಗುಂಪಿಗೆ ಐದಾರು ಮಕ್ಕಳು. ಒಂದು ಚಟುವಟಿಕೆಗೆ ಇಪ್ಪತ್ತು ನಿಮಿಷ. ಯಾರ್ಯಾರು ಜೊತೆಯಲ್ಲಿ ಕೂರಬೇಕು, ಏನು ಸಾಮಗ್ರಿ, ಮಕ್ಕಳು ಏನು ಮಾಡಬಹುದೆಂಬ ನಿರೀಕ್ಷೆ, ಇಷ್ಟೇ ಬರವಣಿಗೆ. ಬಲಪುಟ ಖಾಲಿ. ಚಟುವಟಿಕೆ ಮುಗಿದ ದಿನವೇ ಆ ಪುಟವನ್ನು ತುಂಬಬೇಕು. ಮಕ್ಕಳು ಚೆನ್ನಾಗಿ ಭಾಗವಹಿಸಿದರು ಎಂಬಂಥ ವಾಕ್ಯಕ್ಕೆ ಅಲ್ಲಿ ಸ್ಥಾನವಿಲ್ಲ. ಯಾವ ಮಗು ಏನು ಮಾಡಿತು, ಅದರ ಬಾಯಿಂದ ಬಂದ ಮಾತು ಯಾವುದು, ಯಾರು ಯಾರಿಗೆ ನೆರವಾದರು, ಯಾರು ಸುಮ್ಮನಿದ್ದರು ಎಂಬುದನ್ನು ಕಂಡಂತೆ ಬರೆಯಬೇಕು. ಮಗು ಹೇಳಿದ ಪದ ಪುಸ್ತಕದ್ದಲ್ಲವಾದರೆ ಅದನ್ನು ತಿದ್ದಿ ಬರೆಯುವಂತಿಲ್ಲ. ಕೊನೆಯ ಸಾಲಿನಲ್ಲಿ ನಾಳೆ ಬದಲಿಸಬೇಕಾದ್ದು ಏನು ಎಂಬುದಿರಬೇಕು.

ಇದರಿಂದಾಗುವ ಲಾಭಕ್ಕೆ ಒಂದು ನಿದರ್ಶನ ಸಾಕು. ಅವರೆ, ಹುರುಳಿ, ಹುಣಸೆ, ಹರಳು ಬೀಜಗಳನ್ನು ಬೆರೆಸಿ ಗುಂಪೊಂದರ ಮುಂದೆ ಇಡಲಾಗಿತ್ತು. ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸುವುದು ಎಡಪುಟದ ಯೋಜನೆ. ಹಾಡಿಯಿಂದ ಬರುವ, ಅದುವರೆಗೆ ತರಗತಿಯಲ್ಲಿ ಹೆಚ್ಚು ಮಾತಾಡದ ಮಗುವೊಂದು ಹಸೆಯ ಮೇಲೆ ಮೂರು ಗುಡ್ಡೆ ಮಾಡಿತು: ತಿನ್ನುವುದು, ಬಿತ್ತುವುದು, ಮಾರುವುದು. ಅವರೆಯನ್ನು ಯಾವ ಗುಡ್ಡೆಗೆ ಹಾಕಬೇಕೆಂದು ಉಳಿದ ಮಕ್ಕಳು ವಾದಕ್ಕಿಳಿದರು. ತಿನ್ನುವುದೂ ಅದೇ, ಬಿತ್ತುವುದೂ ಅದೇ ಅಲ್ಲವೇ! ಕೊನೆಗೆ ಅವರೆಗೆಂದೇ ನಾಲ್ಕನೆಯ ಗುಡ್ಡೆಯೊಂದು ಎದ್ದಿತು. ಯೋಜನೆಯಂತೆ ನೋಡಿದರೆ ಆ ಚಟುವಟಿಕೆ ವಿಫಲ. ಬಲಪುಟದಲ್ಲಿ ನಡೆದದ್ದು ನಡೆದಂತೆ ಬರೆದಿದ್ದುದರಿಂದ ಅದು ವಿಫಲವಾಗಲಿಲ್ಲ. ಮುಂದಿನ ವಾರದ ಎಡಪುಟದಲ್ಲಿ ಮಕ್ಕಳೇ ವಿಂಗಡಣೆಯ ನಿಯಮವನ್ನು ಹೇಳುವ ಆಟ ಸೇರಿತು. ಮಾತಾಡದ ಮಗು ಅದರ ಮುಂದಾಳಾಯಿತು. ವರ್ಷದ ಕೊನೆಯಲ್ಲಿ ಅಂಕಪಟ್ಟಿಯ ಬದಲು ಇಂಥ ಪುಟಗಳನ್ನು ತಾಯಂದಿರ ಮುಂದೆ ಓದಿ ಹೇಳುತ್ತೇವೆ. ಓದು ಬಾರದ ತಾಯಿಗೂ ತನ್ನ ಮಗುವಿನ ಜಾಣತನ ಅದರಲ್ಲಿ ತಿಳಿಯುತ್ತದೆ.

ಪೋಷಕರಲ್ಲಿ ಹಲವರು ಇಂದು ಬೆಳಿಗ್ಗೆ ಊರ ಬಾಗಿಲಿಗೆ ಬರುವ ವ್ಯಾನಿನಲ್ಲಿ ಮಕ್ಕಳನ್ನು ದೂರದ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ. ಅವರ ಆಸೆಯಲ್ಲಿ ತಪ್ಪಿಲ್ಲ. ಮಕ್ಕಳು ಮುಂದೆ ಬರಲಿ ಎಂದೇ ಎಲ್ಲ ತಾಯಿತಂದೆಯರೂ ಬಯಸುತ್ತಾರೆ. ಆದರೆ ಶಿಶುವರ್ಗಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಹೋದರೆ ಗಡಿನಾಡಿನ ಕನ್ನಡ ಶಾಲೆಗಳು ಇನ್ನೆಷ್ಟು ಕಾಲ ಬಾಗಿಲು ತೆರೆದಿರಬಲ್ಲವು ಎಂಬುದು ನಮ್ಮೆಲ್ಲರ ಮುಂದಿರುವ ಪ್ರಶ್ನೆ. ವ್ಯಾನು ಹೋಗದ ಹಾಡಿಗಳ ಮಕ್ಕಳಿಗೆ ಬೇರೆ ಶಾಲೆಯೇ ಇಲ್ಲ. ಭಾಷಾಭಿಮಾನದ ಭಾಷಣಗಳಿಂದ ಈ ಪ್ರಶ್ನೆಗೆ ಉತ್ತರ ಸಿಗಲಾರದು. ನಮ್ಮ ಶಿಶುವರ್ಗದಲ್ಲಿ ಕಲಿಕೆ ನಿಜವಾಗಿ ನಡೆಯುತ್ತಿದೆ ಎಂಬುದನ್ನು ಹೆತ್ತವರು ಕಣ್ಣಾರೆ ಕಂಡು ನಂಬುವಂತಾಗಬೇಕು. ಅದಕ್ಕೆ ಯೋಜನೆ ಬೇಕು, ದಾಖಲೆ ಬೇಕು, ಬಾರದ ಮಗುವಿನ ಮನೆಯವರೆಗೆ ನಡೆಯುವ ಕಾಲು ಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ, ಗಡಿಯಾರ ಕೊಡಿಸುವ ಮಾತುಗಳು ಬಂದಿವೆ. ಅವರ ಪ್ರೀತಿಗೆ ನಾವು ಋಣಿಗಳು. ಅದರೊಡನೆ, ವಾರಕ್ಕೆ ಎರಡು ದಿನ ಹಾಡಿಯ ಅಂಗಳದಲ್ಲಿಯೇ ಶಿಶುವರ್ಗವನ್ನು ನಡೆಸುವ ಶಿಕ್ಷಕಿಯರ ಹೋಗಿಬರುವ ಖರ್ಚನ್ನು ಯಾರಾದರೂ ವಹಿಸಿಕೊಂಡರೆ ಬರುವ ಜೂನ್ ತಿಂಗಳಿನಿಂದಲೇ ಅದನ್ನು ಆರಂಭಿಸಲು ನಾವು ಸಿದ್ಧರಿದ್ದೇವೆ. ಬೇಕಾಗುವ ಸಾಮಗ್ರಿಗಳೆಂದರೆ ನಾಲ್ಕು ಹಸೆ, ಎರಡು ಬುಟ್ಟಿ, ಒಂದು ಅಗಲವಾದ ನೋಟ್‌ಬುಕ್ಕು. ಉಳಿದದ್ದು ಆ ಅಂಗಳದಲ್ಲಿಯೇ ಇದೆ.